ಬಂದು ಹೋಗುವ ದೋಷ: ಕೇಬಲ್ ಟಿವಿ ಮತ್ತು ಬ್ರಾಡ್‌ಬ್ಯಾಂಡ್ ಜಾಲದಲ್ಲಿ ಅದರ ಮೂಲವನ್ನು ಹುಡುಕುವ ಕ್ರಮ

ಸಂಪರ್ಕ ಪೂರ್ತಿ ನಿಂತುಹೋದರೆ ಅದನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ತುಂಡಾದ ಕೇಬಲ್ ತುಂಡಾಗಿಯೇ ಬಿದ್ದಿರುತ್ತದೆ, ಹುಡುಕಿ ಹೋದವರ ಕಣ್ಣಿಗೆ ಬೀಳುತ್ತದೆ. ಗ್ರಾಹಕರ ತಾಳ್ಮೆಯನ್ನು ನಿಜವಾಗಿ ಸವೆಸುವುದು ಬಂದು ಹೋಗುವ ದೋಷ. ಸಂಜೆ ಏಳೂವರೆಗೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಧ್ವನಿ ತುಂಡಾಗುತ್ತದೆ, ಮಾತು ನಡೆದಿರುವಾಗಲೇ ವಿಡಿಯೊ ಕರೆ ಕಡಿದುಹೋಗುತ್ತದೆ. ಮರುದಿನ ಬೆಳಿಗ್ಗೆ ತಂತ್ರಜ್ಞರು ಬಂದು ನೋಡುವ ಹೊತ್ತಿಗೆ ಎಲ್ಲವೂ ಸರಿಯಾಗಿರುತ್ತದೆ. ಅವರು ಸೆಟ್‌ಟಾಪ್ ಬಾಕ್ಸ್ ಬದಲಿಸಿ ಹೋಗುತ್ತಾರೆ, ಮೂರು ದಿನ ಕಳೆದ ಮೇಲೆ ಅದೇ ಮನೆಯಿಂದ ಅದೇ ದೂರು ಮತ್ತೆ ಬರುತ್ತದೆ. ಹೀಗೆ ಎರಡು ಮೂರು ಸಲ ನಡೆದ ಮೇಲೆ ಆ ಗ್ರಾಹಕರು ದೂರು ಕೊಡುವುದನ್ನೇ ನಿಲ್ಲಿಸುತ್ತಾರೆ. ಅದನ್ನು ದೋಷ ಹೋಯಿತೆಂದು ಎಣಿಸಬಾರದು, ಅವರು ಬೇರೆ ಸಂಪರ್ಕ ಹುಡುಕುತ್ತಿದ್ದಾರೆ ಎಂದೇ ತಿಳಿಯಬೇಕು.

ಜಾಲದ ಲಭ್ಯತೆಯ ವರದಿಯಲ್ಲಿ ಈ ತೊಂದರೆ ಕಾಣಿಸಿಕೊಳ್ಳುವುದೇ ಇಲ್ಲ. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಐದು ಸೆಕೆಂಡು ಸಂಪರ್ಕ ಕಡಿದರೆ ವರ್ಷಕ್ಕೆ ಒಟ್ಟು ಸುಮಾರು ಎರಡು ಗಂಟೆಯಾಗುತ್ತದೆ, ಅಂದರೆ ಲಭ್ಯತೆ ಶೇ. 99.97ಕ್ಕಿಂತಲೂ ಹೆಚ್ಚು. ಕಾಗದದ ಮೇಲೆ ಅದು ಒಳ್ಳೆಯ ಅಂಕ. ಆದರೆ ಆ ನಾಲ್ಕು ಸಲವೂ ಮನೆಯವರೆಲ್ಲ ಟಿವಿ ಮುಂದೆ ಕೂತ ಹೊತ್ತಿಗೇ ಬಂದರೆ, ಅವರ ಪಾಲಿಗೆ ಆ ಸಂಪರ್ಕ ದಿನವೂ ಕೈಕೊಡುವ ಸಂಪರ್ಕವೇ ಸರಿ. ಆದ್ದರಿಂದ ಲಭ್ಯತೆಯ ಶೇಕಡಾವಾರಿಗಿಂತ, ಒಂದೇ ಮನೆಗೆ ಮೂವತ್ತು ದಿನಗಳೊಳಗೆ ಎಷ್ಟು ಸಲ ಮರಳಿ ಹೋಗಬೇಕಾಯಿತು ಎಂಬ ಎಣಿಕೆಯನ್ನೇ ನಾನು ವಿಶ್ವಾಸಾರ್ಹತೆಯ ಅಳತೆಯಾಗಿ ಇಟ್ಟುಕೊಂಡಿದ್ದೇನೆ.

ಈ ಕೈಪಿಡಿ ಮುಖ್ಯವಾಗಿ ಫೈಬರ್ ಮತ್ತು ಕೋಆಕ್ಸಿಯಲ್ ಕೇಬಲ್ ಎರಡೂ ಸೇರಿರುವ ಜಾಲವನ್ನು ಕುರಿತದ್ದು. ಇದರಲ್ಲಿ ಹೆಡ್‌ಎಂಡ್ ಎಂಬ ಪ್ರಸಾರ ಕೇಂದ್ರದಿಂದ, ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ನೋಡ್ ಎಂಬ ಪೆಟ್ಟಿಗೆಯವರೆಗೆ ಸಿಗ್ನಲ್ ಬೆಳಕಾಗಿ ಬಂದು, ಅಲ್ಲಿಂದ ಸಿಗ್ನಲ್ಲಿನ ಬಲ ಹೆಚ್ಚಿಸುವ ಆಂಪ್ಲಿಫೈಯರ್‌ಗಳ ಸಾಲು, ಮುಖ್ಯ ಕೇಬಲ್ಲಿನಿಂದ ಮನೆಗಳಿಗೆ ಪಾಲು ಕೊಡುವ ಟ್ಯಾಪ್, ಮನೆಗೆ ಎಳೆದ ಡ್ರಾಪ್ ಕೇಬಲ್, ಸಿಗ್ನಲ್ ಹಂಚುವ ಸ್ಪ್ಲಿಟರ್ ಇವುಗಳ ಮೂಲಕ ಮೋಡೆಮ್ ಮತ್ತು ಸೆಟ್‌ಟಾಪ್ ಬಾಕ್ಸ್ ತಲುಪುತ್ತದೆ. ಈ ಜಾಲ ಹಂಚಿಕೊಂಡು ಬಳಸುವಂಥದು. ಹಾಗಾಗಿ ದೂರು ಬಂದ ಮನೆ ಮತ್ತು ದೋಷ ಇರುವ ಜಾಗ ಎರಡೂ ಒಂದೇ ಎಂದು ಮೊದಲೇ ತೀರ್ಮಾನಿಸಿಕೊಂಡು ಹೊರಟರೆ ಹುಡುಕಾಟ ಆರಂಭದಲ್ಲೇ ದಾರಿ ತಪ್ಪುತ್ತದೆ.

ಮನೆಗೆ ಹೊರಡುವ ಮುನ್ನ

ದೂರು ಬರೆದುಕೊಳ್ಳುವವರು ಕೇಳುವ ನಾಲ್ಕು ಪ್ರಶ್ನೆಗಳಿಂದ ಅರ್ಧ ಕೆಲಸ ಮುಗಿಯುತ್ತದೆ. ತೊಂದರೆ ಯಾವ ಹೊತ್ತಿನಲ್ಲಿ ಕಾಣಿಸುತ್ತದೆ, ಎಲ್ಲ ಚಾನೆಲ್‌ಗಳಲ್ಲಿಯೋ ಕೆಲವದರಲ್ಲಿ ಮಾತ್ರವೋ, ಟಿವಿ ಮತ್ತು ಇಂಟರ್‌ನೆಟ್ ಎರಡೂ ಒಟ್ಟಿಗೆ ಕೆಡುತ್ತವೆಯೋ, ಮಳೆ ಬಂದಾಗ ಅಥವಾ ಬಿಸಿಲೇರಿದಾಗ ಹೆಚ್ಚಾಗುತ್ತದೆಯೋ ಎಂಬುದನ್ನು ಗ್ರಾಹಕರ ಮಾತಿನಲ್ಲೇ ಬರೆದುಕೊಳ್ಳಬೇಕು. “ಸಿಗ್ನಲ್ ಸಮಸ್ಯೆ” ಎಂಬ ಎರಡು ಪದದ ಟಿಪ್ಪಣಿಯಿಂದ ಯಾರಿಗೂ ಉಪಯೋಗವಿಲ್ಲ. ಕೆಲವು ಚಾನೆಲ್‌ಗಳು ಮಾತ್ರ ಒಡೆಯುತ್ತಿದ್ದರೆ ಅವು ಯಾವ ಆವರ್ತನದಲ್ಲಿ ಬರುತ್ತವೆ ಎಂಬುದನ್ನು ಚಾನೆಲ್ ಪಟ್ಟಿಯಲ್ಲಿ ನೋಡಿ. ಅವೆಲ್ಲ ಮೇಲಿನ ಆವರ್ತನದಲ್ಲಿದ್ದರೆ ಕೇಬಲ್ಲಿನ ನಷ್ಟವನ್ನೋ ನೀರಿಳಿದಿರುವುದನ್ನೋ ಶಂಕಿಸಬೇಕು. ಅಕ್ಕಪಕ್ಕದ ಒಂದೆರಡು ಆವರ್ತನಗಳಲ್ಲಿ ಮಾತ್ರ ಇದ್ದರೆ ಹೊರಗಿನ ರೇಡಿಯೊ ಸಂಕೇತ ಒಳನುಗ್ಗಿರಬಹುದು. 700 ಮೆಗಾಹರ್ಟ್ಸ್ ಆಸುಪಾಸಿನ ಮೊಬೈಲ್ ಸಂಕೇತಗಳು ಸಡಿಲವಾದ ಕನೆಕ್ಟರ್ ಮೂಲಕ ನುಸುಳುವುದು ಸಾಮಾನ್ಯ.

ಬ್ರಾಡ್‌ಬ್ಯಾಂಡ್ ದೂರಾದರೆ ಮೋಡೆಮ್‌ಗೆ ನೇರವಾಗಿ ತಂತಿ ಜೋಡಿಸಿದ ಕಂಪ್ಯೂಟರಿನಲ್ಲೂ ಅದೇ ತೊಂದರೆ ಇದೆಯೇ ಎಂದು ಕೇಳಲೇಬೇಕು. ವೈಫೈ ದುರ್ಬಲವಾಗಿರುವುದನ್ನು ಜಾಲದ ದೋಷವೆಂದು ತಿಳಿದು ದಿನಗಟ್ಟಲೆ ಹೊರಗಿನ ಲೈನ್ ಹುಡುಕಿದ ಉದಾಹರಣೆಗಳನ್ನು ನಾನು ಕಂಡಿದ್ದೇನೆ. ಇನ್ನೊಂದು ಮಾತನ್ನೂ ಇಲ್ಲಿ ಗಮನಿಸಬೇಕು. ಕೇಬಲ್ಲಿನಲ್ಲಿ ಸಣ್ಣ ಪ್ರಮಾಣದ ನಷ್ಟವಿದ್ದಾಗ ಅದು ಮೊದಲು ಕಾಣಿಸುವುದು ಟಿವಿಯಲ್ಲಿ, ಏಕೆಂದರೆ ನೇರ ಪ್ರಸಾರದಲ್ಲಿ ಕಳೆದುಹೋದ ದತ್ತಾಂಶವನ್ನು ಮತ್ತೆ ಕಳುಹಿಸಿ ಎಂದು ಕೇಳಲು ಸಮಯವೂ ಇಲ್ಲ, ಏರ್ಪಾಡೂ ಇಲ್ಲ. ವೆಬ್ ಪುಟ ತೆರೆಯುವಾಗಲಾದರೆ ಕಳೆದ ಪ್ಯಾಕೆಟ್ಟನ್ನು ಟಿಸಿಪಿ ಎಂಬ ಸಂವಹನ ನಿಯಮಾವಳಿ ಮತ್ತೆ ತರಿಸಿಕೊಳ್ಳುತ್ತದೆ, ಬಳಸುವವರಿಗೆ ಪುಟ ಸ್ವಲ್ಪ ನಿಧಾನವೆನಿಸುತ್ತದೆ ಅಷ್ಟೆ. “ಇಂಟರ್‌ನೆಟ್ ಸರಿಯಾಗಿದೆ, ಟಿವಿ ಮಾತ್ರ ಕೆಟ್ಟಿದೆ” ಎಂಬ ದೂರನ್ನು ಬಾಕ್ಸಿನ ದೋಷವೆಂದು ತಳ್ಳಿಹಾಕಬಾರದು ಎನ್ನುವುದು ಇದಕ್ಕಾಗಿಯೇ.

ಆಮೇಲೆ ದೋಷದ ಹರವನ್ನು ಗೊತ್ತುಮಾಡಿಕೊಳ್ಳಿ. ದೂರು ಬಂದ ಮೋಡೆಮ್‌ನ ಕಳೆದ ಏಳು ದಿನಗಳ ದಾಖಲೆಯನ್ನು ಅದೇ ಟ್ಯಾಪಿನ ಬೇರೆ ಮನೆಗಳ, ಅದೇ ಆಂಪ್ಲಿಫೈಯರ್ ಕವಲಿನ, ಕೊನೆಗೆ ಅದೇ ನೋಡ್‌ನ ಮೋಡೆಮ್‌ಗಳ ದಾಖಲೆಯ ಪಕ್ಕದಲ್ಲಿಟ್ಟು ನೋಡಿ. ಒಂದೇ ಮನೆ ಕೆಟ್ಟಿದ್ದರೆ ಹುಡುಕಬೇಕಾದದ್ದು ಡ್ರಾಪ್ ಕೇಬಲ್ ಮತ್ತು ಮನೆಯೊಳಗಿನ ವೈರಿಂಗ್. ಒಂದು ಟ್ಯಾಪಿನ ಮನೆಗಳೆಲ್ಲ ಒಟ್ಟಿಗೆ ಕೆಟ್ಟಿದ್ದರೆ ಟ್ಯಾಪ್ ಅಥವಾ ಅದರ ಹಿಂದಿನ ಜೋಡಣೆ. ಒಂದು ಹಂತದಿಂದ ಮುಂದಿರುವ ಮನೆಗಳೆಲ್ಲ ಕೆಟ್ಟು ಹಿಂದಿನವೆಲ್ಲ ಸರಿಯಿದ್ದರೆ ಆ ಗಡಿಯಲ್ಲೇ ದೋಷವಿದೆ. ನೋಡ್‌ನ ಎಲ್ಲ ಮೋಡೆಮ್‌ಗಳೂ ಒಂದೇ ನಿಮಿಷದಲ್ಲಿ ತೊಂದರೆಗೊಳಗಾಗಿದ್ದರೆ, ದೂರು ಕೊಟ್ಟ ಮನೆಗೆ ತಂತ್ರಜ್ಞರನ್ನು ಕಳುಹಿಸುವುದು ಅವರ ಸಮಯವನ್ನೂ ಗ್ರಾಹಕರ ಸಮಯವನ್ನೂ ವ್ಯರ್ಥ ಮಾಡಿದಂತೆ.

ಮೋಡೆಮ್ ಹೇಳುವ ಸಂಖ್ಯೆಗಳು

ಮೊದಲನೆಯದು ಬರುವ ಸಿಗ್ನಲ್ಲಿನ ಮಟ್ಟ. ಕೇಬಲ್ ಮೋಡೆಮ್‌ಗಳ ಡಾಕ್ಸಿಸ್ ಮಾನಕದ ಪ್ರಕಾರ ಮೋಡೆಮ್ −15ರಿಂದ +15 ಡಿಬಿಎಂವಿ (ಒಂದು ಮಿಲಿವೋಲ್ಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಅಳತೆ) ವರೆಗಿನ ಮಟ್ಟದಲ್ಲಿ ಕೆಲಸ ಮಾಡಬೇಕು, ಆದರೆ ಆ ಅಂಚುಗಳವರೆಗೆ ಬಿಡುವುದು ಜಾಣತನವಲ್ಲ. −7ರಿಂದ +7ರೊಳಗೆ ಇರಿಸಿದರೆ ಹವಾಮಾನದ ಏರಿಳಿತಕ್ಕೆ ಅವಕಾಶ ಉಳಿಯುತ್ತದೆ. ಎರಡನೆಯದು ಎಂಇಆರ್, ಅಂದರೆ ಸಿಗ್ನಲ್ ಎಷ್ಟು ಸ್ವಚ್ಛವಾಗಿದೆ ಎಂಬುದರ ಅಳತೆ. 256 ಕ್ವಾಮ್ ಎಂಬ ಡಿಜಿಟಲ್ ವಿಧಾನದಲ್ಲಿ ದತ್ತಾಂಶ ಹೊತ್ತ ವಾಹಕಕ್ಕೆ ಇದು 30 ಡೆಸಿಬೆಲ್ ಸಮೀಪಕ್ಕೆ ಇಳಿದರೆ ಬೆಟ್ಟದ ಅಂಚಿನಲ್ಲಿ ನಿಂತಂತೆ, 35 ದಾಟಿದರೆ ಚಿಂತೆಯಿಲ್ಲ. ಹಳೆಯ ಅನಲಾಗ್ ಟಿವಿಯಲ್ಲಿ ಸಿಗ್ನಲ್ ಕೆಟ್ಟಂತೆಲ್ಲ ಚಿತ್ರ ಮೆಲ್ಲಮೆಲ್ಲನೆ ಮಸುಕಾಗಿ ಮುನ್ಸೂಚನೆ ಕೊಡುತ್ತಿತ್ತು. ಡಿಜಿಟಲ್‌ನಲ್ಲಿ ಅಂಚಿನವರೆಗೂ ಚಿತ್ರ ಸ್ಪಷ್ಟವಾಗಿಯೇ ಇದ್ದು, ಇನ್ನೊಂದು ಡೆಸಿಬೆಲ್ ಕುಸಿದೊಡನೆ ಪೂರ್ತಿ ಒಡೆದುಹೋಗುತ್ತದೆ. ಮನೆಯಲ್ಲಿ ಚಿತ್ರ ಚೆನ್ನಾಗಿ ಕಾಣುತ್ತಿದೆ ಎಂಬುದು ಸಿಗ್ನಲ್ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿಯಾಗಲಾರದು.

ಮೂರನೆಯದು ಸರಿಪಡಿಸಲಾದ ಮತ್ತು ಸರಿಪಡಿಸಲಾಗದ ಕೋಡ್‌ವರ್ಡ್‌ಗಳ, ಅಂದರೆ ದತ್ತಾಂಶದ ತುಣುಕುಗಳ, ಎಣಿಕೆ. ಮೋಡೆಮ್ ಬಂದ ದತ್ತಾಂಶದಲ್ಲಿನ ಸಣ್ಣ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತದೆ. ತಿದ್ದಲಾಗದೆ ಬಿಟ್ಟದ್ದು ಗ್ರಾಹಕರಿಗೆ ಒಡೆದ ಚಿತ್ರವಾಗಿ ಕಾಣುತ್ತದೆ. ಒಟ್ಟು ಸಂಖ್ಯೆಯನ್ನು ನೋಡಿ ಗಾಬರಿಯಾಗಬೇಡಿ, ಒಂದು ಗಂಟೆಯಲ್ಲಿ ಅದು ಎಷ್ಟು ಏರಿತು ಎಂಬುದು ಮುಖ್ಯ. ಎಂಇಆರ್ ಒಳ್ಳೆಯದಿದ್ದೂ ತಿದ್ದಲಾಗದ ಎಣಿಕೆ ಆಗಾಗ ಒಮ್ಮೆಲೆ ಜಿಗಿಯುತ್ತಿದ್ದರೆ, ಸರಾಸರಿಯಲ್ಲಿ ಕಾಣದಷ್ಟು ಚಿಕ್ಕದಾದ ಗದ್ದಲದ ಹೊಡೆತಗಳು ಬೀಳುತ್ತಿವೆ ಅಥವಾ ಎಲ್ಲೋ ಒಂದು ಜೋಡಣೆ ಕ್ಷಣಮಾತ್ರ ಬಿಟ್ಟು ಕೂಡುತ್ತಿದೆ ಎಂದರ್ಥ.

ನಾಲ್ಕನೆಯದು ಮೋಡೆಮ್ ತಾನು ಕಳುಹಿಸುವ ಸಿಗ್ನಲ್ಲಿನ ಬಲ. ಹೆಡ್‌ಎಂಡ್ ಕಡೆಯ ಯಂತ್ರವು ಎಲ್ಲ ಮೋಡೆಮ್‌ಗಳಿಂದಲೂ ಒಂದೇ ಮಟ್ಟದ ಸಿಗ್ನಲ್ ಬಯಸುವುದರಿಂದ, ದಾರಿಯಲ್ಲಿ ನಷ್ಟ ಹೆಚ್ಚಾದಂತೆ ಮೋಡೆಮ್ ತನ್ನ ದನಿಯನ್ನು ಏರಿಸುತ್ತಾ ಹೋಗುತ್ತದೆ. ಅದು 50 ಡಿಬಿಎಂವಿ ದಾಟಿದ್ದರೆ ಮುಂದೆ ಏರಲು ಹೆಚ್ಚು ಜಾಗ ಉಳಿದಿಲ್ಲ. ಕೊನೆಯದಾಗಿ ಮೋಡೆಮ್‌ನ ದಿನಚರಿಯಲ್ಲಿ ಟಿ3 ಮತ್ತು ಟಿ4 ಎಂಬ ಎರಡು ಬಗೆಯ ದಾಖಲೆಗಳಿರುತ್ತವೆ. ಮೋಡೆಮ್ ಕಳುಹಿಸಿದ ಹೊಂದಾಣಿಕೆ ಕೋರಿಕೆಗೆ 200 ಮಿಲಿಸೆಕೆಂಡಿನೊಳಗೆ ಉತ್ತರ ಬರದಿದ್ದರೆ ಅದು ಟಿ3; ಹದಿನಾರು ಸಲ ಬಿಡದೆ ಹೀಗಾದರೆ ಮೋಡೆಮ್ ಮೊದಲಿನಿಂದ ಸಂಪರ್ಕ ಹುಡುಕತೊಡಗುತ್ತದೆ. ಹೆಡ್‌ಎಂಡ್ ಕಡೆಯಿಂದ ಮಾತಾಡುವ ಅವಕಾಶವೇ 30 ಸೆಕೆಂಡಿಗಿಂತ ಹೆಚ್ಚು ಕಾಲ ಬರದಿದ್ದರೆ ಅದು ಟಿ4. ಟಿ3 ಹೆಚ್ಚಾಗಿದ್ದರೆ ಮೋಡೆಮ್‌ನಿಂದ ಹೆಡ್‌ಎಂಡ್‌ಗೆ ಹಿಂದಿರುಗುವ ದಾರಿಯನ್ನೂ, ಟಿ4 ಹೆಚ್ಚಾಗಿದ್ದರೆ ಹೆಡ್‌ಎಂಡ್‌ನಿಂದ ಮೋಡೆಮ್‌ಗೆ ಬರುವ ದಾರಿಯನ್ನೂ ಮೊದಲು ನೋಡುವುದು ನನ್ನ ಕ್ರಮ. ಅದು ಅಪರೂಪಕ್ಕಷ್ಟೇ ತಪ್ಪಿದೆ.

ಬರುವ ಸಿಗ್ನಲ್ ಕೆಟ್ಟಿದ್ದರೆ

ಇಲ್ಲಿ ಹುಡುಕಾಟ ನೇರವಾದದ್ದು. ಟ್ಯಾಪಿನ ಬಾಯಲ್ಲಿ ಅಳೆಯಿರಿ, ಮನೆಯ ಗೋಡೆಯ ಬಳಿ ಅಳೆಯಿರಿ, ಮೋಡೆಮ್ ಬಳಿ ಅಳೆಯಿರಿ. ಯಾವ ಎರಡು ಜಾಗಗಳ ನಡುವೆ ಲೆಕ್ಕಕ್ಕಿಂತ ಹೆಚ್ಚು ನಷ್ಟವಾಗಿದೆಯೋ ಅಲ್ಲಿ ದೋಷ. ಇದಕ್ಕೆ ಲೆಕ್ಕ ಗೊತ್ತಿರಬೇಕು. ಎರಡು ಬಾಯಿಯ ಸ್ಪ್ಲಿಟರ್ ಪ್ರತಿ ಬಾಯಿಗೆ ಸುಮಾರು 3.5 ಡೆಸಿಬೆಲ್, ನಾಲ್ಕು ಬಾಯಿಯದು ಸುಮಾರು 7 ಡೆಸಿಬೆಲ್ ತಿನ್ನುತ್ತದೆ. ಆರ್‌ಜಿ-6 ಕೇಬಲ್ 100 ಮೀಟರಿಗೆ 1000 ಮೆಗಾಹರ್ಟ್ಸ್‌ನಲ್ಲಿ ಸುಮಾರು 21 ಡೆಸಿಬೆಲ್ ಕಳೆದರೆ 55 ಮೆಗಾಹರ್ಟ್ಸ್‌ನಲ್ಲಿ ಐದರ ಆಸುಪಾಸಿನಲ್ಲಿ ಕಳೆಯುತ್ತದೆ. ಮೇಲಿನ ಆವರ್ತನಗಳು ಈ ಅನುಪಾತವನ್ನೂ ಮೀರಿ ಕುಸಿದಿದ್ದರೆ ಕೇಬಲ್ಲಿಗೆ ನೀರಿಳಿದಿದೆ ಎಂದು ಬಹುಮಟ್ಟಿಗೆ ಹೇಳಬಹುದು, ಅಂತಹ ಡ್ರಾಪ್ ಕೇಬಲ್ಲನ್ನು ಒಣಗಿಸಿ ಉಳಿಸಿಕೊಳ್ಳಲು ಹೋಗದೆ ಪೂರ್ತಿ ಬದಲಿಸಬೇಕು.

ನಾನು ಕಂಡ ದೋಷಗಳಲ್ಲಿ ಅತಿ ಹೆಚ್ಚಿನವು ಕೇಬಲ್ಲಿನ ತುದಿಗೆ ಹಾಕುವ, ತಿರುಗಿಸಿ ಬಿಗಿಯುವ ಎಫ್ ಕನೆಕ್ಟರಿನವು. ಈ ಕನೆಕ್ಟರಿನಲ್ಲಿ ಕೇಬಲ್ಲಿನ ನಡುತಂತಿಯೇ ಪಿನ್ ಆಗಿ ಕೆಲಸ ಮಾಡುವುದರಿಂದ, ಅದನ್ನು ಎಷ್ಟು ಉದ್ದ ಬಿಟ್ಟಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಾಯಿಂದ ಹೊರಗೆ ಸುಮಾರು 3 ಮಿಲಿಮೀಟರ್ ಚಾಚಿರಬೇಕು. ಗಿಡ್ಡವಾದರೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿದಾಗ ಸಂಪರ್ಕ ಬಿಟ್ಟು ಕೂಡುತ್ತದೆ, ಬಂದು ಹೋಗುವ ದೋಷದ ಹುಟ್ಟು ಅಲ್ಲಿದೆ. ಹೊರಾಂಗಣದ ಕನೆಕ್ಟರನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಸಾಲದು, 11 ಮಿಲಿಮೀಟರ್ ಸ್ಪ್ಯಾನರ್ ಹಾಕಿ ಬಿಗಿಯಬೇಕು.

ಹಿಂದಿರುಗುವ ದಾರಿಯ ಗದ್ದಲ

ಹೆಚ್ಚು ಶ್ರಮ ಬೇಡುವ, ಹೆಚ್ಚು ಮನೆಗಳಿಗೆ ತೊಂದರೆ ಕೊಡುವ ದೋಷ ಇದು. ಮೋಡೆಮ್‌ಗಳಿಂದ ಹೆಡ್‌ಎಂಡ್‌ಗೆ ಮರಳುವ ಸಿಗ್ನಲ್ಲಿಗೆ ಮೀಸಲಾದ ಆವರ್ತನ ಪಟ್ಟಿ ಹಲವು ಜಾಲಗಳಲ್ಲಿ 5ರಿಂದ 42 ಮೆಗಾಹರ್ಟ್ಸ್, ಯುರೋಪಿನ ಮಾದರಿಯಲ್ಲಿ 5ರಿಂದ 65. ಇದೇ ಪಟ್ಟಿಯಲ್ಲಿ ಶಾರ್ಟ್‌ವೇವ್ ರೇಡಿಯೊ ಪ್ರಸಾರವಿದೆ, ಹವ್ಯಾಸಿ ರೇಡಿಯೊ ಇದೆ, ಮೋಟಾರುಗಳ ಕಿಡಿಯಿಂದ ಮತ್ತು ಕಳಪೆ ವಿದ್ಯುತ್ ಅಡಾಪ್ಟರುಗಳಿಂದ ಹೊಮ್ಮುವ ಗದ್ದಲವಿದೆ. ನೋಡ್‌ನಿಂದ ಮನೆಗಳತ್ತ ಹರಿಯುವಾಗ ಸಿಗ್ನಲ್ ಕವಲೊಡೆಯುತ್ತಾ ಹೋಗುತ್ತದೆ. ಮರಳಿ ಬರುವಾಗ ಎಲ್ಲ ಕವಲುಗಳೂ ತೊರೆಗಳು ಹೊಳೆಗೆ ಕೂಡಿದ ಹಾಗೆ ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಆದ್ದರಿಂದ ಒಂದು ಮನೆಯಲ್ಲಿ ಒಳನುಗ್ಗಿದ ಗದ್ದಲ ನೂರಾರು ಮನೆಗಳ ಸಿಗ್ನಲ್ಲನ್ನು ಕೆಡಿಸಬಲ್ಲದು. ಅದು ಮಿತಿಮೀರಿದರೆ ನೋಡ್‌ನಲ್ಲಿರುವ ಹಿಂದಿರುಗುವ ಲೇಸರ್ ತನ್ನ ಅಳವಿಗೆ ಮೀರಿ ತುಂಬಿಕೊಂಡು ಸಿಗ್ನಲ್ಲಿನ ತುದಿಗಳನ್ನೇ ಕತ್ತರಿಸಿಬಿಡುತ್ತದೆ, ಆಗ ಆ ಪಟ್ಟಿ ಪೂರ್ತಿ ಹಾಳಾಗುತ್ತದೆ. ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ಅನಲೈಸರಿನಲ್ಲಿ ಪಟ್ಟಿಯ ಮೇಲಿನ ಗಡಿ ದಾಟಿಯೂ ಶಕ್ತಿ ಕಾಣಿಸುತ್ತಿದ್ದರೆ ಲೇಸರ್ ಆ ಸ್ಥಿತಿಗೆ ಬಂದಿದೆ ಎಂದು ತಿಳಿಯಿರಿ.

ಒಂದು ನೋಡ್‌ನಲ್ಲಿ ಹಲವು ವಾರಗಳ ಕಾಲ ಸಂಜೆಯ ಹೊತ್ತು ಟಿ3 ದಾಖಲೆಗಳು ಸಾಲುಗಟ್ಟಿ ಬರುತ್ತಿದ್ದವು. ದೂರು ಕೊಟ್ಟ ಮನೆಗಳಲ್ಲಿ ಹನ್ನೊಂದು ಮೋಡೆಮ್‌ಗಳನ್ನು ನಾವು ಬದಲಿಸಿದ್ದೆವು, ಯಾವುದರಿಂದಲೂ ಪ್ರಯೋಜನವಾಗಿರಲಿಲ್ಲ. ಕೊನೆಗೆ ಸಂಜೆಯೇ ಹೊರಟು ಕವಲು ಕವಲಾಗಿ ಅಳೆದಾಗ ಮೂಲ ಸಿಕ್ಕಿದ್ದು ಒಮ್ಮೆಯೂ ದೂರು ಕೊಡದ ಮನೆಯಲ್ಲಿ. ಅಲ್ಲಿದ್ದದ್ದು ಟಿವಿ ಸಂಪರ್ಕ ಮಾತ್ರ. ಬಳಸದ ಕೋಣೆಯೊಂದರಲ್ಲಿ ತುದಿ ತೆರೆದೇ ಬಿಟ್ಟಿದ್ದ ಕೇಬಲ್ ಪಕ್ಕದಲ್ಲಿ ದಿನವೂ ಸಂಜೆ ಮೋಟಾರಿನ ಹೊಲಿಗೆ ಯಂತ್ರ ಓಡುತ್ತಿತ್ತು. ಟಿವಿಗೆ ಬರುವ ಸಿಗ್ನಲ್ ಬೇರೆ ಆವರ್ತನದಲ್ಲಿರುವುದರಿಂದ ಆ ಮನೆಯವರಿಗೆ ತೊಂದರೆಯೇ ಇರಲಿಲ್ಲ. ತುದಿಯನ್ನು ಮುಚ್ಚುವ 75 ಓಮ್ ಟರ್ಮಿನೇಟರ್ ಹಾಕಿದ ಕೂಡಲೇ ನೋಡ್ ಶಾಂತವಾಯಿತು. ಆ ಹನ್ನೊಂದು ಮನೆಗಳವರ ಮುಂದೆ ನಾವು ನಿಂತು ಹೇಳಿದ “ಇನ್ನು ಸರಿಹೋಗುತ್ತದೆ” ಎಂಬ ಮಾತು ಇಂದಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ.

ಹುಡುಕುವ ಕ್ರಮ ಹೀಗಿರಲಿ. ಗದ್ದಲ ಇರುವ ಹೊತ್ತಿಗೇ ಹೋಗಬೇಕು. ಬೆಳಿಗ್ಗೆ ಹೋಗಿ ಸಂಜೆಯ ಗದ್ದಲವನ್ನು ಹುಡುಕಲಾಗದು. ನೋಡ್‌ನಲ್ಲಿ ಪ್ರತಿ ಕವಲಿನ ಪರೀಕ್ಷಾ ಬಿಂದುವಿಗೆ ಮೀಟರ್ ಜೋಡಿಸಿ ಗದ್ದಲ ಯಾವ ಕವಲಿನಿಂದ ಬರುತ್ತಿದೆ ಎಂದು ನೋಡಿ, ಅದೇ ಕವಲಿನ ಮುಂದಿನ ಆಂಪ್ಲಿಫೈಯರಿಗೆ ಹೋಗಿ ಮತ್ತೆ ಹಾಗೆಯೇ ಮಾಡಿ. ಸಾಧ್ಯವಾದಷ್ಟೂ ಪರೀಕ್ಷಾ ಬಿಂದುಗಳಲ್ಲೇ ಅಳೆಯಿರಿ. ಕವಲನ್ನು ಬಿಚ್ಚಿ ನೋಡುವುದರಿಂದ ಉತ್ತರ ಬೇಗ ಸಿಗುತ್ತದೆಯಾದರೂ ಆ ಕವಲಿನ ಮನೆಗಳ ಸಂಪರ್ಕವೆಲ್ಲ ಕಡಿಯುತ್ತದೆ, ವಿಶ್ವಾಸಾರ್ಹತೆ ಹೆಚ್ಚಿಸಲು ಹೋಗಿ ಅದನ್ನೇ ಕೆಡಿಸಿದಂತಾಗುತ್ತದೆ. ಹಿಂದಿರುಗುವ ದಾರಿಯನ್ನು 6 ಡೆಸಿಬೆಲ್ ಮಾತ್ರ ತಗ್ಗಿಸುವ ಸ್ವಿಚ್ ಆಂಪ್ಲಿಫೈಯರಿನಲ್ಲಿದ್ದರೆ ಅದನ್ನು ಬಳಸಿ: ತಗ್ಗಿಸಿದಾಗ ಹೆಡ್‌ಎಂಡ್‌ನಲ್ಲಿ ಗದ್ದಲವೂ ತಗ್ಗಿದರೆ ಮೂಲ ಆ ದಾರಿಯಲ್ಲಿದೆ, ಗ್ರಾಹಕರಿಗೆ ಅದು ಗೊತ್ತಾಗುವುದೂ ಇಲ್ಲ.

ಟ್ಯಾಪ್‌ಗಳಿಗೆ ಬಂದ ಮೇಲೆ ಎಲ್ಲವನ್ನೂ ಸಾಲಾಗಿ ನೋಡುವ ಅಗತ್ಯವಿಲ್ಲ. ಆಂಪ್ಲಿಫೈಯರಿಗೆ ಹತ್ತಿರವಿರುವ ಟ್ಯಾಪಿನ ಮೌಲ್ಯ, ಅಂದರೆ ಅದು ಸಿಗ್ನಲ್ಲನ್ನು ತಗ್ಗಿಸುವ ಪ್ರಮಾಣ, ದೊಡ್ಡದು, ಉದಾಹರಣೆಗೆ 29 ಡೆಸಿಬೆಲ್. ಸಾಲಿನ ತುದಿಯಲ್ಲಿರುವುದರದು 8 ಅಥವಾ 11. ಮನೆಯಿಂದ ಬರುವ ಗದ್ದಲವನ್ನೂ ಟ್ಯಾಪ್ ಅಷ್ಟೇ ತಗ್ಗಿಸುವುದರಿಂದ, ತುದಿಯ ಟ್ಯಾಪಿನ ಮನೆಯ ಸಣ್ಣ ದೋಷ ಹತ್ತಿರದ ಟ್ಯಾಪಿನ ಮನೆಯ ದೊಡ್ಡ ದೋಷಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ತುದಿಯಿಂದಲೇ ಆರಂಭಿಸಿ. ಮನೆ ಖಾಲಿಯಾದ ಮೇಲೂ ಟ್ಯಾಪಿನಿಂದ ನೇತಾಡುತ್ತಿರುವ ಡ್ರಾಪ್ ಕೇಬಲ್ ಆಂಟೆನಾದಂತೆ ಕೆಲಸ ಮಾಡುತ್ತದೆ, ಕಂಡರೆ ಬಿಚ್ಚಿ ಟ್ಯಾಪಿಗೆ ಟರ್ಮಿನೇಟರ್ ಹಾಕಿ.

ಒಂದು ಬಗೆಯ ಗದ್ದಲ ಹೊರಗಿನಿಂದ ಬರದೆ ಜಾಲದೊಳಗೇ ಹುಟ್ಟುತ್ತದೆ. ತುಕ್ಕು ಹಿಡಿದ ಜೋಡಣೆಯು ಡಯೋಡಿನಂತೆ ವರ್ತಿಸಿ, ಮನೆಗಳತ್ತ ಹೋಗುವ ಸಿಗ್ನಲ್‌ಗಳನ್ನು ಒಂದರೊಡನೊಂದು ಬೆರೆಸಿ ಹಿಂದಿರುಗುವ ಪಟ್ಟಿಯೊಳಕ್ಕೆ ಬೀಳಿಸುತ್ತದೆ. ಅನಲಾಗ್ ಚಾನೆಲ್‌ಗಳಿರುವ ಜಾಲದಲ್ಲಿ ಇದು ಚಾನೆಲ್ ಅಗಲಕ್ಕೆ ತಕ್ಕಂತೆ 6 ಅಥವಾ 8 ಮೆಗಾಹರ್ಟ್ಸ್ ಅಂತರದ ಮೊನೆಗಳಾಗಿ, ಪೂರ್ತಿ ಡಿಜಿಟಲ್ ಆದ ಜಾಲದಲ್ಲಿ ಬರೀ ಏರಿದ ಗದ್ದಲವಾಗಿ ಕಾಣುತ್ತದೆ. ಈ ದೋಷವಿರುವ ಕನೆಕ್ಟರನ್ನು ಅಲುಗಿಸಿದರೆ ಸಾಕು, ತುಕ್ಕಿನ ಪದರ ಮುರಿದು ದೋಷ ಮಾಯವಾಗುತ್ತದೆ; ವಾರಗಳ ನಂತರ ಮತ್ತೆ ಬರುತ್ತದೆ. ಆದಕಾರಣ ಅಳತೆ ಬರೆದುಕೊಳ್ಳುವ ಮುನ್ನ ಯಾವುದನ್ನೂ ಮುಟ್ಟಬೇಡಿ, ಮುಟ್ಟಿದ ಮೇಲೆ ಸರಿಹೋದರೆ ಆ ಜೋಡಣೆಯನ್ನು ಬದಲಿಸದೆ ಮರಳಬೇಡಿ.

ಪ್ರತಿಫಲನದಿಂದ ದೂರ ಲೆಕ್ಕಹಾಕುವುದು

ಕೇಬಲ್ಲಿನುದ್ದಕ್ಕೂ ಒಂದೇ ಇರಬೇಕಾದ 75 ಓಮ್ ಪ್ರತಿಬಾಧೆ (ಸಿಗ್ನಲ್ಲಿಗೆ ಕೇಬಲ್ ಒಡ್ಡುವ ತಡೆ) ಎಲ್ಲಾದರೂ ಕೆಟ್ಟಿದ್ದರೆ ಸಿಗ್ನಲ್ಲಿನ ಒಂದು ಪಾಲು ಅಲ್ಲಿಂದ ಹಿಂದಕ್ಕೆ ಚಿಮ್ಮುತ್ತದೆ. ಮೋಡೆಮ್ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ಹಾಗೆ ಸರಿದೂಗಿಸುವಾಗ ಬಳಸುವ 24 ಗುಣಾಂಕಗಳನ್ನು ದೂರದಿಂದಲೇ ಓದಿಕೊಳ್ಳಬಹುದು. ಗ್ರಾಹಕರಿಗೆ ತೊಂದರೆ ಕಾಣುವ ಮೊದಲೇ ದೋಷ ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. 6.4 ಮೆಗಾಹರ್ಟ್ಸ್ ಅಗಲದ ವಾಹಕದಲ್ಲಿ ಒಂದೊಂದು ಗುಣಾಂಕದ ಅಂತರ ಸುಮಾರು 195 ನ್ಯಾನೊಸೆಕೆಂಡ್. ಮುಖ್ಯ ಕೇಬಲ್ಲಿನಲ್ಲಿ ಸಿಗ್ನಲ್ಲಿನ ವೇಗ ಬೆಳಕಿನ ವೇಗದ ಶೇ. 87ರಷ್ಟು, ಪ್ರತಿಫಲನ ಹೋಗಿ ಬರುವ ದೂರವನ್ನು ಅರ್ಧ ಮಾಡಿದರೆ ಒಂದು ಹೆಜ್ಜೆಗೆ ಸುಮಾರು 25 ಮೀಟರ್. ಮುಖ್ಯ ಗುಣಾಂಕದಿಂದ ಮೂರನೆಯದು ಎದ್ದು ನಿಂತಿದ್ದರೆ, ಪರಸ್ಪರ ಪ್ರತಿಫಲಿಸುವ ಎರಡು ಜಾಗಗಳು ಹೆಚ್ಚುಕಡಿಮೆ 75 ಮೀಟರ್ ಅಂತರದಲ್ಲಿವೆ. ಅಕ್ಕಪಕ್ಕದ ಐದಾರು ಮೋಡೆಮ್‌ಗಳಲ್ಲೂ ಅದೇ ಗುಣಾಂಕ ಎದ್ದಿದ್ದರೆ ನಕ್ಷೆ ತೆಗೆದು, ಅವೆಲ್ಲಕ್ಕೂ ಸಾಮಾನ್ಯವಾದ ದಾರಿಯಲ್ಲಿ ಅಷ್ಟು ಅಂತರದಲ್ಲಿ ಯಾವ ಎರಡು ಜೋಡಣೆಗಳಿವೆ ಎಂದು ನೋಡಿ.

ಬಿಸಿಲು ಮತ್ತು ವಿದ್ಯುತ್ತು

ಕೋಆಕ್ಸಿಯಲ್ ಕೇಬಲ್ಲಿನ ನಷ್ಟ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.2ರಷ್ಟು ಏರುತ್ತದೆ. ಎರಡು ಆಂಪ್ಲಿಫೈಯರ್‌ಗಳ ನಡುವೆ 25 ಡೆಸಿಬೆಲ್ ನಷ್ಟವಿದ್ದು ಉಷ್ಣತೆ 30 ಡಿಗ್ರಿ ಏರಿದರೆ ಒಂದು ಅಂತರಕ್ಕೆ ಒಂದೂವರೆ ಡೆಸಿಬೆಲ್, ಐದು ಅಂತರಗಳಿಗೆ ಏಳೂವರೆ ಡೆಸಿಬೆಲ್ ವ್ಯತ್ಯಾಸವಾಗುತ್ತದೆ. ಇದನ್ನು ಸರಿದೂಗಿಸುವ ಸ್ವಯಂಚಾಲಿತ ನಿಯಂತ್ರಣ ಆಂಪ್ಲಿಫೈಯರಿನಲ್ಲಿ ಕೆಟ್ಟಿದ್ದರೆ, ಸಾಲಿನ ತುದಿಯ ಮನೆಗಳು ಮಧ್ಯಾಹ್ನ ಕೆಟ್ಟು ರಾತ್ರಿ ಸರಿಹೋಗುತ್ತವೆ.

ಆಂಪ್ಲಿಫೈಯರ್‌ಗಳಿಗೆ ಅದೇ ಕೇಬಲ್ಲಿನ ಮೂಲಕ 60 ಅಥವಾ 90 ವೋಲ್ಟ್ ಎಸಿ ಹೋಗುತ್ತದೆ. ಹಳೆಯ ಆಂಪ್ಲಿಫೈಯರಿನ ಕೆಪಾಸಿಟರ್‌ಗಳು ಒಣಗಿದರೆ ಡಿಸಿ ವಿದ್ಯುತ್ತಿನಲ್ಲಿ ಅಲೆ ಉಳಿದುಕೊಂಡು, ಮಟ್ಟ ಸರಿಯಿದ್ದರೂ ಎಂಇಆರ್ ಕುಸಿಯುತ್ತದೆ. ಮುಚ್ಚಳ ತೆಗೆದಾಗ ಎಸಿ, ಡಿಸಿ, ಅಲೆ ಮೂರನ್ನೂ ಅಳೆಯುವುದನ್ನು ಬಿಡಬೇಡಿ. ವಿದ್ಯುತ್ ಹೋದಾಗ ಒಂದು ಪ್ರದೇಶ ಪೂರ್ತಿ ಕಡಿದುಹೋಗುತ್ತಿದ್ದರೆ ಆಂಪ್ಲಿಫೈಯರ್‌ಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯ ಮೀಸಲು ಬ್ಯಾಟರಿ ಸತ್ತಿದೆ. ಸೀಸದ ಬ್ಯಾಟರಿಯ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸರಿಸುಮಾರು ಅರ್ಧವಾಗುವುದರಿಂದ, ಬಿಸಿಲಿಗೆ ನೇರ ಒಡ್ಡಿದ ಪೆಟ್ಟಿಗೆಗಳ ಬ್ಯಾಟರಿಗಳನ್ನು ಉಳಿದವುಗಳ ವೇಳಾಪಟ್ಟಿಗೆ ಸೇರಿಸದೆ ಬೇಗ ಪರೀಕ್ಷಿಸಬೇಕು. ಪರೀಕ್ಷೆ ಹೊರೆ ಹಾಕಿಯೇ ನಡೆಯಲಿ, ಹೊರೆಯಿಲ್ಲದಾಗ ಸತ್ತ ಬ್ಯಾಟರಿಯೂ ಸರಿಯಾದ ವೋಲ್ಟೇಜ್ ತೋರಿಸಬಲ್ಲದು.

ಮನೆಯವರೆಗೂ ಫೈಬರ್ ಇರುವಲ್ಲಿ

ಇಲ್ಲಿ ಹೊರಗಿನ ಗದ್ದಲದ ಕಾಟವಿಲ್ಲ. ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ಜಾಲದ ಬಿ ಪ್ಲಸ್ ಎಂಬ ವರ್ಗದಲ್ಲಿ ಮನೆಯ ಉಪಕರಣಕ್ಕೆ ಬರುವ ಬೆಳಕಿನ ಬಲ −27 ಡಿಬಿಎಂಗಿಂತ ಕೆಳಗಿಳಿಯಬಾರದು. ಇಳಿದಿದ್ದರೆ ಮೊದಲು ಕನೆಕ್ಟರಿನ ಮುಖವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒರೆಸಿ, ಆಮೇಲೆ ಫೈಬರ್ ಎಲ್ಲಾದರೂ ಬಿಗಿಯಾಗಿ ಬಾಗಿದೆಯೇ ನೋಡಿ. ಬಾಗಿದಲ್ಲಿ 1310 ನ್ಯಾನೊಮೀಟರ್ ತರಂಗಾಂತರದ ಬೆಳಕಿಗಿಂತ 1550ರಲ್ಲಿ ಹೆಚ್ಚು ನಷ್ಟ ಕಾಣುವುದರಿಂದ ಎರಡರಲ್ಲೂ ಅಳೆದರೆ ಬಾಗು ಎಂದು ಖಚಿತವಾಗುತ್ತದೆ. ಐಪಿ ಟಿವಿಯಲ್ಲಿ ಚಾನೆಲ್ ಹಾಕಿದ ಸುಮಾರು 260 ಸೆಕೆಂಡಿಗೆ ಸರಿಯಾಗಿ ಪ್ರತಿ ಸಲವೂ ಚಿತ್ರ ನಿಲ್ಲುತ್ತಿದ್ದರೆ ಫೈಬರ್ ಹುಡುಕಬೇಡಿ. ಯಾವ ಬಾಕ್ಸಿಗೆ ಯಾವ ಚಾನೆಲ್ ಬೇಕೆಂದು ಜಾಲಕ್ಕೆ ತಿಳಿಸುವ ಐಜಿಎಂಪಿ ಎಂಬ ನಿಯಮಾವಳಿಯಲ್ಲಿ ಸದಸ್ಯತ್ವದ ಪೂರ್ವನಿಗದಿತ ಅವಧಿ ಅಷ್ಟೇ ಇದೆ, ವಿಚಾರಣೆ ಸಂದೇಶ ಬಾಕ್ಸಿಗೆ ತಲುಪುತ್ತಿಲ್ಲ ಅಥವಾ ಅದರ ಉತ್ತರ ಮರಳುತ್ತಿಲ್ಲ. ಸ್ವಿಚ್ ಮತ್ತು ರೂಟರಿನ ಸಂರಚನೆ ನೋಡಿ.

ದೂರನ್ನು ಮುಗಿಸುವಾಗ

ಬಂದು ಹೋಗುವ ದೋಷ ಅಂದು ಕಾಣಿಸಲಿಲ್ಲ ಎಂಬ ಕಾರಣಕ್ಕೆ ದೂರನ್ನು ಮುಗಿಸಬಾರದು. ಸಂಜೆ ಬರುತ್ತಿದ್ದ ದೋಷವನ್ನು ಕನಿಷ್ಠ ಮೂರು ಸಂಜೆ, ಮಳೆಗೆ ಬರುತ್ತಿದ್ದುದನ್ನು ಮುಂದಿನ ಮಳೆಯವರೆಗೆ ತೆರೆದಿಡಿ. ಆ ಅವಧಿಯಲ್ಲಿ ತಿದ್ದಲಾಗದ ಕೋಡ್‌ವರ್ಡ್ ಮತ್ತು ಟಿ3 ಎಣಿಕೆ ಏರದಿದ್ದರೆ ಮಾತ್ರ ಮುಗಿಸಿ. ಮೊದಲಿನ ಅಳತೆ, ಬದಲಿಸಿದ ವಸ್ತು, ಬದಲಿಸಿದ ನಂತರದ ಅಳತೆ ಮೂರೂ ದಾಖಲೆಯಲ್ಲಿರಲಿ. ಅದೇ ಟ್ಯಾಪಿನಿಂದ ಆರು ತಿಂಗಳ ಮೇಲೆ ಮತ್ತೊಂದು ದೂರು ಬಂದಾಗ ಅಲ್ಲಿಗೆ ಹೋಗುವವರಿಗೆ ಬೇಕಾಗುವುದು ಇವೇ. ಬದಲಿಸಿ ತಂದ ಕನೆಕ್ಟರ್ ಮತ್ತು ಕೇಬಲ್ ತುಂಡನ್ನು ಎಸೆಯದೆ ಸೀಳಿ ನೋಡಿ, ಒಂದೇ ಬಗೆಯ ವೈಫಲ್ಯ ಮೂರು ಕಡೆ ಕಂಡರೆ ಅದೇ ತಂಡ ಅದೇ ಕಾಲದಲ್ಲಿ ಹಾಕಿದ ಉಳಿದ ಜೋಡಣೆಗಳನ್ನೂ ಪರೀಕ್ಷೆಗೆ ತೆಗೆದುಕೊಳ್ಳಿ.

ಗ್ರಾಹಕರಿಗೆ ಕರೆ ಮಾಡುವುದು ಮೀಟರಿನ ಅಳತೆಯಷ್ಟೇ ಅಗತ್ಯದ ಕೆಲಸ. ದೋಷ ಅವರ ಮನೆಯಲ್ಲಿರಲಿಲ್ಲ, ಇಂಥ ಜಾಗದ ಜೋಡಣೆಯಲ್ಲಿತ್ತು, ಇಂಥ ದಿನ ಬದಲಿಸಿದೆವು, ಇನ್ನೂ ಮೂರು ಸಂಜೆ ನಾವೇ ಗಮನಿಸುತ್ತೇವೆ ಎಂದು ಹೇಳಿ, ನಾಲ್ಕನೆಯ ದಿನ ಮರಳಿ ಕರೆ ಮಾಡಿ ಚಿತ್ರ ಮತ್ತೆ ಒಡೆಯಿತೇ ಎಂದು ಕೇಳಿ.